ಚೆಂಡು ಮೊದಲು ಉರುಳಿದ್ದು ಎಲ್ಲಿ?

ಇಂಗ್ಲೆಂಡಿನ ಫುಟ್‌ಬಾಲ್ ಚರಿತ್ರೆಯೆಂದು ನನ್ನ ಕೈಗೆ ಬಂದ ಪುಸ್ತಕಗಳೆಲ್ಲ ಶುರುವಾಗುವುದು ಒಂದೇ ಕಡೆ. 1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟಾವರ್ನ್‌ನಲ್ಲಿ ಆ ಊರಿನ ಸುತ್ತಮುತ್ತಲ ಕ್ಲಬ್ಬುಗಳ ಮಹನೀಯರು ಸೇರಿದರು, ಫುಟ್‌ಬಾಲ್ ಅಸೋಸಿಯೇಷನ್ ಕಟ್ಟಿದರು, ನಿಯಮ ಬರೆದರು. ಅದಕ್ಕೆ ಮೊದಲು ದೇಶದಲ್ಲಿ ಚೆಂಡೇ ಇರಲಿಲ್ಲವೇನೋ!

ಉತ್ತರದಲ್ಲಿ ಶೆಫೀಲ್ಡ್ ಎಂಬ ಊರಿದೆ. ಚಾಕು, ಕತ್ತರಿಗೆ ಹೆಸರಾದದ್ದು. ಅಲ್ಲಿನ ಕ್ಲಬ್ಬು ಹುಟ್ಟಿದ್ದು 1857ರಲ್ಲಿ. ಮರುವರ್ಷವೇ ಅದು ತನ್ನ ನಿಯಮಗಳನ್ನು ಬರೆದುಕೊಂಡಿತ್ತು. ಟಿವಿಯ ಮುಂದೆ ನಮ್ಮ ಮಕ್ಕಳು ಉಸಿರು ಬಿಗಿಹಿಡಿದು ನೋಡುವ ಕಾರ್ನರ್ ಕಿಕ್ಕನ್ನು ಲಂಡನ್ನಿನವರು 1872ರಲ್ಲಿ ಶೆಫೀಲ್ಡಿನವರಿಂದಲೇ ತೆಗೆದುಕೊಂಡರು. ಪಕ್ಕದ ಮನೆಯಿಂದ ಸಕ್ಕರೆ ಕಡ ತಂದು ಪಾಯಸ ಮಾಡಿ, ಬಡಿಸುವಾಗ ಆಕೆಯ ಹೆಸರೆತ್ತದವರನ್ನು ನಾವು ಏನೆಂದು ಕರೆಯುತ್ತೇವೆ? ದಾಖಲೆ ಇಲ್ಲವೆಂಬ ನೆಪವೂ ಸಲ್ಲದು. ಆ ಕ್ಲಬ್ಬಿನ ಹಳೆಯ ಕಾಗದಪತ್ರಗಳು 2011ರಲ್ಲಿ ಹರಾಜಾದಾಗ ಎಂಟು ಲಕ್ಷ ಎಂಬತ್ತು ಸಾವಿರ ಪೌಂಡಿಗೂ ಮಿಕ್ಕಿ ಬಂತು.

1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ, ಮಗ್ಗದವರು, ನೂಲು ತೆಗೆಯುವವರು, ಒಬ್ಬ ಕೊಳಾಯಿ ಕೆಲಸದವ ಎಲ್ಲ ಸೇರಿ, ಓಲ್ಡ್ ಈಟನಿಯನ್ಸ್ ಎಂಬ ಸಿರಿವಂತ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಸೋಲಿಸಿ ಕಪ್ಪು ಗೆದ್ದಿತು. ಇದನ್ನು ಪುಸ್ತಕಗಳು ಹೇಳುವುದು 'ಸಭ್ಯರ ಯುಗದ ಅಂತ್ಯ' ಎಂಬ ನಿಟ್ಟುಸಿರಿನಲ್ಲಿ. ಗೆದ್ದವರ ಮನೆಯ ಹಬ್ಬವನ್ನು ಸೋತವರ ಮನೆಯ ಸೂತಕವಾಗಿ ಬರೆಯುವ ರೀತಿ ಇದು. ಆಟಕ್ಕೆಂದು ರಜ ಹಾಕಿದರೆ ಗಿರಣಿಯಲ್ಲಿ ಕೂಲಿ ಕತ್ತರಿಸುತ್ತಿದ್ದರು. ದುಡ್ಡು ಕೇಳಿದ್ದು ದುರಾಸೆಯೇ? 1888ರಲ್ಲಿ ಲೀಗ್ ಶುರುವಾದಾಗ ಅದರ ಹನ್ನೆರಡು ಕ್ಲಬ್ಬುಗಳಲ್ಲಿ ಲಂಡನ್ನಿನದು ಒಂದೂ ಇರಲಿಲ್ಲ. ಲಂಡನ್ನಿಗೆ ಆ ಪ್ರಶಸ್ತಿ ಮೊದಲು ದಕ್ಕಿದ್ದು 1931ರಲ್ಲಿ, ಆರ್ಸೆನಲ್ ಕೈಯಿಂದ.

ನಮ್ಮಂಥ ಹೆಂಗಸರಿಗೆ ಇದೆಲ್ಲ ಯಾಕೆ ಎನ್ನಬೇಡಿ. ಉತ್ತರದ ಪ್ರೆಸ್ಟನ್ ಊರಿನಲ್ಲಿ, ಮೊದಲ ಮಹಾಯುದ್ಧಕ್ಕೆ ಮದ್ದುಗುಂಡು ತಯಾರಿಸುತ್ತಿದ್ದ ಡಿಕ್, ಕೆರ್ ಕಾರ್ಖಾನೆಯ ಹುಡುಗಿಯರು 1917ರಲ್ಲಿ ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಅವರ ಆಟ ನೋಡಲು ಬಂದವರು ಸುಮಾರು 53,000 ಜನ. ಒಂದು ವರ್ಷವೂ ತುಂಬಲಿಲ್ಲ, 1921ರ ಡಿಸೆಂಬರಿನಲ್ಲಿ ಲಂಡನ್ನಿನ ಅಸೋಸಿಯೇಷನ್ನು ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರು ಆಡಕೂಡದೆಂದು ತಡೆಯಿತು. ಆ ತಡೆ ಸುಮಾರು ಐವತ್ತು ವರ್ಷ ಉಳಿಯಿತು.

ನಾನು ಕೊನೆಗೆ ಓದಿದ ಪುಸ್ತಕದಲ್ಲಿ ಆ ಹುಡುಗಿಯರಿಗೆ ಸಿಕ್ಕಿದ್ದು ನಾಲ್ಕು ಸಾಲು. ಲಂಡನ್ನಿನ ಟಾವರ್ನ್ ಸಭೆಗಳಿಗೆ ಪೂರಾ ಒಂದು ಅಧ್ಯಾಯ.