ಕಾಲು ಟ್ಯಾಂಕಿನ ಗುಟ್ಟು

ಹೈದರಾಬಾದಿನಿಂದ ರಾಯಚೂರಿಗೆ ಹೊರಟಾಗಲೆಲ್ಲ ನಮ್ಮ ಹಳೆಯ ಡೀಸೆಲ್ ಕಾರಿನದು ಒಂದೇ ರಗಳೆ. ಟ್ಯಾಂಕ್ ತುಂಬಿದ್ದರೆ ಸಲೀಸು. ಕಾಲು ಭಾಗಕ್ಕಿಳಿದರೆ ಜಗ್ಗಾಟ. ಒಮ್ಮೆಯಂತೂ ಮಹಬೂಬ್‌ನಗರ ದಾಟಿದ ಮೇಲೆ ನಿಂತೇಬಿಟ್ಟಿತು. ಹೊರಗೆ ಮೇ ತಿಂಗಳ ಬಿಸಿಲು, ಹಿಂದಿನ ಸೀಟಿನಲ್ಲಿ ಅಮ್ಮ.

ಸ್ಕ್ಯಾನರ್ ಪ್ರತಿ ಸಲವೂ ತೋರಿಸಿದ್ದು ಪಿ 0087, ಅಂದರೆ ಫ್ಯೂಯಲ್ ರೈಲಿನಲ್ಲಿ ಒತ್ತಡ ಕಡಿಮೆ. ಕಾಮನ್ ರೈಲ್ ಎಂಜಿನ್ನಿಗೆ ಜೋರಾಗಿ ಓಡುವಾಗ 1000 ಬಾರ್‌ಗೂ ಹೆಚ್ಚು ಒತ್ತಡ ಬೇಕು. ಫಿಲ್ಟರ್ ಬದಲಾಯಿತು, ಸೆನ್ಸರ್ ಬದಲಾಯಿತು. ಇನ್ನುಳಿದದ್ದು ದುಬಾರಿ ಪಂಪು.

ಕೂಕಟ್‌ಪಲ್ಲಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಮಾತ್ರ ಕೇಳಿದರು: 'ಟ್ಯಾಂಕಿನಲ್ಲಿ ಎಷ್ಟಿದ್ದಾಗ ಹೀಗಾಗುತ್ತೆ?' ಫಿಲ್ಟರಿಗೆ ಬರುವ ದಾರಿಯಲ್ಲಿ ಪಾರದರ್ಶಕ ಪೈಪಿನ ತುಂಡೊಂದನ್ನು ಸೇರಿಸಿ ಎಂಜಿನ್ ಓಡಿಸಿದರು. ಡೀಸೆಲ್ ಜೊತೆ ಸಾಲುಸಾಲು ಗುಳ್ಳೆ! ಟ್ಯಾಂಕಿನ ಬಳಿ ರಬ್ಬರ್ ಪೈಪು ಕೂದಲೆಳೆಯಷ್ಟು ಬಿರಿದಿತ್ತು.

ನಮ್ಮ ಕಾರಿನ ಟ್ಯಾಂಕಿನೊಳಗೆ ಪಂಪಿಲ್ಲ. ಎಂಜಿನ್ ಬಳಿಯ ಪಂಪೇ ಡೀಸೆಲ್ ಹೀರಿಕೊಳ್ಳಬೇಕು. ಹಾಗಾಗಿ ಓಡುವಾಗ ಬಿರುಕಿನಿಂದ ಡೀಸೆಲ್ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ನೆಲದ ಮೇಲೆ ಹನಿಯೂ ಕಾಣದು. ಟ್ಯಾಂಕಿನ ಮಟ್ಟ ಇಳಿದಷ್ಟೂ ಹೀರುವ ಬಲ ಹೆಚ್ಚು, ಗಾಳಿಯೂ ಹೆಚ್ಚು. ಗಾಳಿ ಕುಗ್ಗುತ್ತದೆ, ಒತ್ತಡ ಏರುವುದಿಲ್ಲ.

ಆಫೀಸಿನಲ್ಲಿ ದಿನವಿಡೀ ಎರರ್ ಲಾಗ್ ಓದುವ ನನಗೆ ಇದು ಹೊಳೆಯಬೇಕಿತ್ತು: ಕೋಡ್ ಹೇಳುವುದು ಎಡವಿದ ಜಾಗವನ್ನು, ಎಡವಿಸಿದ ಕಲ್ಲನ್ನಲ್ಲ.

ನಿಮ್ಮ ಕಾರೂ ಹೀಗೆ ಮಾಡಿದರೆ, ಆಗ ಮುಳ್ಳು ಎಲ್ಲಿತ್ತೆಂದು ಬರೆದಿಡಿ. ಪಂಪು ಬಿಚ್ಚಿಸುವ ಮುನ್ನ ಗುಳ್ಳೆ ನೋಡಿಸಿ. ಮೊನ್ನೆ ನಾವು ಕಾಲು ಟ್ಯಾಂಕಿನಲ್ಲೇ ಕೃಷ್ಣೆ ದಾಟಿದೆವು, ಅಮ್ಮ ನಿದ್ದೆಯಲ್ಲಿದ್ದರು.