ಗಣಕದ ಕನ್ನಡವೂ ಅಕ್ಷರಜ್ಞಾನವೂ

ಗಣಕಯಂತ್ರದಲ್ಲಿ ಕನ್ನಡವನ್ನು ಬೆರಳಚ್ಚು ಮಾಡುವವರ ದೂರುಗಳು ಹಲವು. ಅಚ್ಚುಕಟ್ಟಾಗಿ ಸಿದ್ಧಪಡಿಸಿದ ಲೇಖನವು ಬೇರೊಂದು ಯಂತ್ರದಲ್ಲಿ ತೆರೆದೊಡನೆ ಅರ್ಥಹೀನವಾದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. 'ರ‍್ಯಾಂಕ್' ಎಂದು ಯಕಾರದ ಒತ್ತನ್ನು ಬಯಸಿದಲ್ಲಿ ಅರ್ಕಾವತ್ತು ಬಂದು ಕೂರುತ್ತದೆ. 'ರಾಜ್‌ಕುಮಾರ್' ಎಂಬ ಹೆಸರಿನಲ್ಲಿ ಜಕಾರಕ್ಕೆ ಕಕಾರವು ಒತ್ತಾಗಿ ಅಂಟಿಕೊಳ್ಳುತ್ತದೆ. ಇವೆಲ್ಲವನ್ನೂ ಯಂತ್ರದ ಚೇಷ್ಟೆಯೆಂದು ಕೈಬಿಡುವುದು ರೂಢಿ. ವಿಚಾರಿಸಿ ನೋಡಿದರೆ, ಕೊರತೆಯಿರುವುದು ಯಂತ್ರದಲ್ಲಲ್ಲ, ಅಕ್ಷರವನ್ನು ಕುರಿತ ನಮ್ಮ ತಿಳಿವಳಿಕೆಯಲ್ಲಿ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾದ ಚಿತ್ರಗಳನ್ನಾಗಿಸಿ, ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳಲ್ಲಿ ಇರಿಸಿದ್ದುವು. ಆ ಫಾಂಟು ಇಲ್ಲದೆಡೆ ಯಂತ್ರಕ್ಕೆ ಕಾಣುವುದು ರೋಮನ್ ಲಿಪಿಯೊಂದೇ. 'ಧರ್ಮ' ಎಂಬ ಪದದಲ್ಲಿ ಅರ್ಕಾವತ್ತು ಮಕಾರದ ಬಲಕ್ಕೆ ಕಾಣುವುದರಿಂದ ಅಲ್ಲಿ ಅದನ್ನು ಮಕಾರದ ಅನಂತರವೇ ಸಂಗ್ರಹಿಸಲಾಗುತ್ತಿತ್ತು. ಅಂದರೆ ಕಣ್ಣಿನ ಕ್ರಮ.

1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತವ್ಯವಸ್ಥೆಯು ಕನ್ನಡಕ್ಕೆ ತನ್ನದೇ ಸ್ಥಾನಗಳನ್ನು ನೀಡಿತು. ಉಚ್ಚಾರಣೆಯ ಕ್ರಮವನ್ನು ಹಿಡಿಯಿತು. ಇಲ್ಲಿ 'ಧರ್ಮ'ದ ರಕಾರವು ಮಕಾರಕ್ಕಿಂತ ಮೊದಲು ನಿಲ್ಲುತ್ತದೆ. ಇದು ವೈಯಾಕರಣರ ದೃಷ್ಟಿಯೇ ಹೌದು. ವ್ಯಂಜನ, ಹಲಂತಚಿಹ್ನೆ, ವ್ಯಂಜನ ಎಂದು ಬಂದರೆ ಸಂಯುಕ್ತಾಕ್ಷರವಾಗುವುದು ನಿಯಮ. ಅದನ್ನು ತಡೆಯಬೇಕಾದಲ್ಲಿ ಹಲಂತದ ಅನಂತರ ಕಣ್ಣಿಗೆ ಕಾಣದ 'ಬೇರ್ಪಡಿಸುವ' ಚಿಹ್ನೆಯೊಂದನ್ನು ಹಾಕಬೇಕು. ಅರ್ಕಾವತ್ತು ಬೇಡವಾದಲ್ಲಿ ರಕಾರದ ಅನಂತರ, ಹಲಂತಕ್ಕೆ ಮೊದಲು, 'ಕೂಡಿಸುವ' ಚಿಹ್ನೆಯನ್ನಿಡಬೇಕು. ಹಿಂದಕ್ಕೆ ಅಳಿಸುವ ಕೀಲಿಯೊತ್ತಿದಾಗ 'ಕೀ'ಯಲ್ಲಿ ದೀರ್ಘಸ್ವರಚಿಹ್ನೆ ಮಾತ್ರ ಅಳಿದು ಕಕಾರ ಉಳಿಯುವುದೂ ಇದೇ ಕ್ರಮದಿಂದ. ಗುಣಿತಾಕ್ಷರವು ಕಣ್ಣಿಗೆ ಒಂದು; ವ್ಯಾಕರಣಕ್ಕೂ ಗಣಕಕ್ಕೂ ಎರಡು.

ಹಳೆಯ ಫಾಂಟುಗಳು ಅಂದವಾಗಿವೆ, ಪುಟವಿನ್ಯಾಸಕ್ಕೆ ಒಗ್ಗಿವೆ ಎಂದು ಮುದ್ರಕರು ಹೇಳುವರು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅಂದವು ಮುದ್ರಿತ ಪುಟಕ್ಕೆ ಸಾಕಾದೀತು, ಸಂಗ್ರಹಕ್ಕೆ ಸಾಲದು. ಆ ಕಡತಗಳಲ್ಲಿ ಯೂನಿಕೋಡಿನ ಪದವೊಂದನ್ನು ಹುಡುಕಿದರೆ ಸಿಗದು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಹೊರಟರೆ ಕ್ರಮ ಕೆಡುವುದು. ಶಾಲೆಯೊಂದರ ಸ್ಮರಣಸಂಚಿಕೆಯಲ್ಲಿ ಗುರುಗಳ, ಹಳೆಯ ವಿದ್ಯಾರ್ಥಿಗಳ, ದಾನಿಗಳ ನಾಮಧೇಯಗಳಿರುತ್ತವೆ. ತಾಡೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ನಾಡಿನಲ್ಲಿ, ಇಪ್ಪತ್ತು ವರ್ಷಗಳ ಹಿಂದಿನ ಕಡತವನ್ನು ಓದಲಾರದೆ ಹೋಗುವುದು ವಿಷಾದಕರ.

ಆದುದರಿಂದ ವಿದ್ಯಾಸಂಸ್ಥೆಗಳು ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶಗಳಿಂದ ಯೂನಿಕೋಡಿಗೆ ತಂದು, ಒತ್ತಕ್ಷರಗಳನ್ನು ಬಲ್ಲವರಿಂದ ತಿದ್ದಿಸಿ ಇಡುವುದು ಯುಕ್ತ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾನುಸಾರಿ ಕೀಲಿಮಣೆಯ ವಿನ್ಯಾಸವನ್ನು ಕನ್ನಡದ ಗುರುಗಳೇ ಮಕ್ಕಳಿಗೆ ಕಲಿಸಬೇಕು. ವರ್ಣಮಾಲೆಯನ್ನೂ ಸಂಯುಕ್ತಾಕ್ಷರದ ಘಟನೆಯನ್ನೂ ಬಲ್ಲ ಬಾಲಕನಿಗೆ ಗಣಕದ ನಡೆ ವಿಚಿತ್ರವೆನಿಸದು. ದಾನಿಗಳು ಹೊಸ ಯಂತ್ರಗಳನ್ನು ಕೊಡಿಸುವುದು ಸ್ತುತ್ಯ. ಅವುಗಳೊಡನೆ ಅಕ್ಷರಜ್ಞಾನವೂ ಕೂಡಿದಾಗಲೇ ಆ ದಾನ ಸಾರ್ಥಕವಾಗುವುದು.