ಹೊಲಿಗೆ ಕಲಿತರು, ಹೊಲಿಸುವವರು ಎಲ್ಲಿ?

ಹೆಣ್ಣುಮಕ್ಕಳಿಗೆ ಉದ್ಯೋಗ ಎಂದಕೂಡಲೇ ನಮ್ಮ ಆಡಳಿತಕ್ಕೆ ಹೊಳೆಯುವುದು ಹೊಲಿಗೆ ಯಂತ್ರ. ಬ್ಯಾಂಕು, ಇಲಾಖೆ, ಸಂಘ-ಸಂಸ್ಥೆ ಯಾರೇ ಮಾಡಲಿ, ಒಂದು ತಿಂಗಳ ತರಬೇತಿ, ಸಮಾರೋಪಕ್ಕೆ ಶಾಲು-ಹಾರ, ಪ್ರಮಾಣಪತ್ರ, ಒಂದು ಗುಂಪು ಫೋಟೊ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಹೋಬಳಿ ಇದಕ್ಕೆ ಹೊರತಲ್ಲ. ತರಬೇತಿ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಒಂದೇ ಹಟ್ಟಿಯ ಹತ್ತು ಮಂದಿ ಜಾಕೀಟು ಹೊಲಿಯಲು ಕಲಿತರೆ ಅವರ ಗಿರಾಕಿಗಳೂ ಅದೇ ಹಟ್ಟಿಯವರೇ. ಮದುವೆ ಸೀಸನ್ನು, ದೀಪಾವಳಿ, ತಿಪ್ಪೇರುದ್ರಸ್ವಾಮಿ ಜಾತ್ರೆ ಬಂದರೆ ಕೈತುಂಬ ಕೆಲಸ. ಉಳಿದ ದಿನ ಸೀರೆಗೆ ಫಾಲ್ ಹಚ್ಚುವುದು, ಹರಿದದ್ದಕ್ಕೆ ತೇಪೆ ಹಾಕುವುದು. ಬರಬರುತ್ತಾ ಯಂತ್ರದ ಮೇಲೆ ಬಟ್ಟೆಗಂಟು ಕೂರುತ್ತದೆ, ಕಲಿತವಳು ಶೇಂಗಾ ಕಳೆ ತೆಗೆಯಲು ಕೂಲಿಗೆ ಹೋಗುತ್ತಾಳೆ.

ಇದಕ್ಕೆ ಆಕೆಯ ಆಸಕ್ತಿಯನ್ನು ದೂರುವ ಮೊದಲು ಹಣ ಹರಿಯುವ ದಾರಿ ನೋಡಬೇಕು. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೇ ಹಂತದ ನಿಯಮದಂತೆ ತರಬೇತಿ ಸಂಸ್ಥೆಗೆ ಶುರುವಿನಲ್ಲಿ ಶೇ 30, ಪ್ರಮಾಣಪತ್ರ ಸಿಕ್ಕಾಗ ಶೇ 50, ಅಭ್ಯರ್ಥಿ ಕೆಲಸಕ್ಕೆ ಸೇರಿದರೆ ಕೊನೆಯ ಶೇ 20. ಅಂದರೆ ಒಬ್ಬರಿಗೂ ಕೆಲಸ ಸಿಗದಿದ್ದರೂ ಐದರಲ್ಲಿ ನಾಲ್ಕು ಪಾಲು ದುಡ್ಡು ಸಂಸ್ಥೆಯ ಕೈಸೇರಿರುತ್ತಿತ್ತು. ಆ ಯೋಜನೆಯ ಮೊದಲ ಮೂರು ಹಂತಗಳಲ್ಲಿ ಪ್ರಮಾಣಪತ್ರ ಪಡೆದವರಲ್ಲಿ ಕೆಲಸ ಸಿಕ್ಕಿದ್ದು ಅರ್ಧಕ್ಕಿಂತ ಕಡಿಮೆ ಮಂದಿಗೆ. ಇನ್ನೊಂದು ಮಾದರಿ ನಮ್ಮಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಚಿತ್ರದುರ್ಗದಲ್ಲೂ ಇದೆ. ಊಟ-ವಸತಿಯೊಡನೆ ಉಚಿತವಾಗಿ ಕಲಿಸಿ, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿ, ಆಮೇಲೂ ಬೆನ್ನಿಗಿರುವುದು ಅದರ ಕ್ರಮ. ಅದು ಮೇಲು, ಸಂಶಯವಿಲ್ಲ. ಆದರೂ ಸಾಲ ಕೊಟ್ಟ ಬ್ಯಾಂಕು ಗಿರಾಕಿಯನ್ನೂ ಕೊಡಲಾರದು.

‘ಗಾರ್ಮೆಂಟ್ಸ್‌ಗೆ ಹೋಗಬಹುದಲ್ಲ’ ಎನ್ನುವವರಿದ್ದಾರೆ. ಹಟ್ಟಿಯ ಕೇಂದ್ರದಲ್ಲಿ ಕಾಲಲ್ಲಿ ತುಳಿಯುವ ಮಿಷನ್ ಮೇಲೆ ಇಡೀ ಬಟ್ಟೆ ಹೊಲಿಯಲು ಕಲಿಸುತ್ತಾರೆ. ಕಾರ್ಖಾನೆಯಲ್ಲಿರುವುದು ಪವರ್ ಮಿಷನ್. ಅಲ್ಲಿ ಒಬ್ಬಳಿಗೆ ಕಾಲರು, ಇನ್ನೊಬ್ಬಳಿಗೆ ತೋಳು, ಗಂಟೆಗಿಷ್ಟು ಪೀಸು ಎಂದು ಗುರಿ. ಇಲ್ಲಿ ಕಲಿತದ್ದು ಅಲ್ಲಿ ಅರ್ಧವೂ ಒದಗದು. ಹೋದವರ ಬದುಕೂ ಹಗುರವಲ್ಲ. ಭವಿಷ್ಯನಿಧಿ ಹಣ ಹಿಂಪಡೆಯುವುದಕ್ಕೆ ಕೇಂದ್ರ ಮಿತಿ ಹೇರಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಿಳಿದು ಆ ನಿಯಮ ವಾಪಸು ತೆಗೆಸಿದವರು ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಮನೆ-ಮಕ್ಕಳನ್ನು ಬಿಟ್ಟು ಹೋಗಲಾಗದವರಿಗಂತೂ ಆ ದಾರಿಯೇ ಇಲ್ಲ.

ಈ ಸೀಮೆಯ ಹೆಂಗಸರು ಕೈಕಸುಬು ಅರಿಯದವರು ಎಂಬ ಊಹೆಯೇ ನನಗೆ ಒಪ್ಪಿಗೆಯಾಗದು. ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಮಗ್ಗದ ಹಿಂದಿನ ಕೆಲಸವೆಲ್ಲ ಹೆಂಗಸರದು: ಕುರಿಯುಣ್ಣೆ ಹಿಂಜಬೇಕು, ರಾಟೆಯಲ್ಲಿ ನೂಲಬೇಕು, ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಬೇಕು. ಗಂಜಿ ಹದ ತಪ್ಪಿದರೆ ಎಳೆ ಕಡಿಯುತ್ತದೆ. ಆ ಹದಕ್ಕೆ ಯಾವ ಕೇಂದ್ರವೂ ಪ್ರಮಾಣಪತ್ರ ಕೊಟ್ಟಿಲ್ಲ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕು ದಶಕ ದಾಟಿತು. ಮನೆಯಲ್ಲಿ ಕಂಡಿಕೆ ಸುತ್ತುವ ಕೈಗೆ ಮಾತ್ರ ಬೇರೆ ಕೂಲಿ ಇಲ್ಲ, ಅದು ‘ಮನೆಗೆಲಸ’ದ ಲೆಕ್ಕ. ದೇಶದಲ್ಲಿ ದುಡಿಯುವ ಇಲ್ಲವೇ ಕೆಲಸ ಹುಡುಕುವ ಹೆಂಗಸರ ಪ್ರಮಾಣ 2017-18ರ ಶೇ 23.3ರಿಂದ 2023-24ಕ್ಕೆ ಶೇ 41.7 ಆಯಿತೆಂದು ಸರ್ಕಾರಿ ಸಮೀಕ್ಷೆ ಹೇಳುತ್ತದೆ. ಹಾಗೆ ಹೆಚ್ಚಿದವರಲ್ಲಿ ಸಂಬಳವಿಲ್ಲದೆ ಮನೆಯವರ ಕಸುಬಿಗೆ ಕೈಜೋಡಿಸುವವರ ಪಾಲು ದೊಡ್ಡದು.

ಉಣ್ಣೆ ಬರುವುದು ಕುರಿಯಿಂದ, ಕುರಿ ಮೇಯುವುದು ಕಾವಲಿನಲ್ಲಿ. ನಾಯಕನಹಟ್ಟಿಗೆ ಹತ್ತಿರದ ಕುದಾಪುರದಲ್ಲಿ, ಅದರ ಸುತ್ತಿನ ವರವು ಕಾವಲು, ಉಳ್ಳಾರ್ತಿ ಕಾವಲುಗಳಲ್ಲಿ ಸಾವಿರಾರು ಎಕರೆ ಅಮೃತಮಹಲ್ ಹುಲ್ಲುಗಾವಲು ಡಿಆರ್‌ಡಿಒ, ಬಾರ್ಕ್, ಇಸ್ರೊಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಬೇಲಿ ಎದ್ದಾಗ ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋದದ್ದನ್ನು ಹಳ್ಳಿಯವರು ಕಂಡಿದ್ದಾರೆ. ವಿಜ್ಞಾನ ಸಂಸ್ಥೆ ಅಲ್ಲಿ ಶಿಕ್ಷಕರಿಗೆ ಒಳ್ಳೆಯ ತರಬೇತಿ ನಡೆಸುತ್ತಿದೆ. ಆದರೆ ಬೇಲಿಯಾಚೆಯ ಹೆಂಗಸರಿಂದ ಈ ಸಂಸ್ಥೆಗಳು ವರ್ಷಕ್ಕೆ ಏನೇನು ಕೊಳ್ಳುತ್ತವೆ, ಎಷ್ಟು ರೂಪಾಯಿಗೆ ಕೊಳ್ಳುತ್ತವೆ? ಅತಿಥಿಗೃಹದ ಹೊದಿಕೆ, ಕ್ಯಾಂಟೀನಿನ ಶೇಂಗಾ ಎಣ್ಣೆ, ಸಿಬ್ಬಂದಿಯ ಸಮವಸ್ತ್ರ, ಯಾವುದಾದರೂ ಸರಿ. ಜಿಲ್ಲಾಡಳಿತ ಕೂತು ಕೇಳಬೇಕಾದ ಲೆಕ್ಕ ಇದು.

ಶೇಂಗಾ ಚಿತ್ರದುರ್ಗದ ‘ಒಂದು ಜಿಲ್ಲೆ, ಒಂದು ಉತ್ಪನ್ನ’. ಕಿರು ಆಹಾರ ಉದ್ಯಮ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನ ಉಂಟು. ಗಾಣದೆಣ್ಣೆಗೆ, ಚಿಕ್ಕಿಗೆ ಇಷ್ಟು ಸಾಕು. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡರೆ.

ಹೀಗಾಗಿ ತರಬೇತಿಗೆ ಮುಂಚೆ ಆರ್ಡರು ಬರಬೇಕು ಎನ್ನುವುದು ನನ್ನ ವಾದ. ಅತಿ ಸುಲಭದ ಆರ್ಡರು ಸರ್ಕಾರದ ಕೈಯಲ್ಲೇ ಇದೆ. ವಿದ್ಯಾವಿಕಾಸ ಯೋಜನೆಯಲ್ಲಿ ಶಾಲೆಗೆ ಬರುವುದು ಸಮವಸ್ತ್ರದ ಬಟ್ಟೆ. ಹೊಲಿಸುವ ಖರ್ಚು ಪೋಷಕರ ತಲೆಗೆ, ಅದಕ್ಕಾಗಿ ಪೇಟೆಯ ದರ್ಜಿಯ ಮುಂದೆ ಸಾಲು. ತೆಲಂಗಾಣ 2024ರಲ್ಲಿ ಈ ಹೊಲಿಗೆಯನ್ನು ಮಹಿಳಾ ಸಂಘಗಳಿಗೆ ವಹಿಸಿ, ಜೊತೆಯೊಂದರ ಕೂಲಿಯನ್ನು 50ರಿಂದ 75 ರೂಪಾಯಿಗೆ ಏರಿಸಿತು. 75 ಕೂಡ ಕಡಿಮೆಯೇ, ಆದರೆ ಕೆಲಸ ಗ್ಯಾರಂಟಿ. ನಮ್ಮಲ್ಲಿ ದರ ಕಟ್ಟುವಾಗ ನಾಯಕನಹಟ್ಟಿಯ ಅಧಿಕಾರಿಗಳು ದೂರ ಹೋಗಬೇಕಿಲ್ಲ. ಕೆರೆ ಕಟ್ಟಿಸಿ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದು ದುಡಿದವರಿಗೆ ದುಡಿದಷ್ಟೂ ಅಳೆದುಕೊಟ್ಟ ತಿಪ್ಪೇರುದ್ರಸ್ವಾಮಿಯ ನೆಲ ಇದು. (ಅವನ ತೇರಿನ ಮುಕ್ತಿ ಬಾವುಟ ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಗುತ್ತದೆ. ಆ ಉತ್ಸಾಹದ ಒಂದಂಶ ಊರ ಹೊಲಿಗೆಯವರ ಕಡೆ ಹರಿದರೂ ಸ್ವಾಮಿ ಬೇಸರಿಸಲಾರ.)

ಶಾಲೆ ಜೂನ್‌ಗೆ ಮುನ್ನವೇ ಬಾಗಿಲು ತೆರೆಯುತ್ತದೆ. ಬಟ್ಟೆ ಜನವರಿಯಲ್ಲೇ ಹೋಬಳಿಗೆ ತಲುಪಬೇಕು, ಮಕ್ಕಳ ಅಳತೆ ಅದಕ್ಕೂ ಮೊದಲು ಆಗಬೇಕು. ಪವರ್ ಮಿಷನ್ ಇರುವ ಒಂದು ಶೆಡ್ಡು, ಎಳೆಮಕ್ಕಳ ತಾಯಂದಿರಿಗೆ ಪಕ್ಕದಲ್ಲೇ ಕೂಸಿನ ಮನೆ, ವಾರಕ್ಕೊಮ್ಮೆ ಬಟವಾಡೆ. ಇಷ್ಟಕ್ಕೆ ಬೇಕಾದ ಹಣವನ್ನು ಈ ವರ್ಷದ ತರಬೇತಿಯ ಅನುದಾನದಿಂದಲೇ ತೆಗೆದಿಟ್ಟರೂ ಶುರುಮಾಡಬಹುದು.